ಚಿತ್ರ ಓಡಿದರೆ ಸಾಲದು, ಕಥೆ ನಡೆಯಬೇಕು



ಇಂದು ನಿಮ್ಮೊಡನೆ ಮಾತನಾಡಲು ನಾನು ಆರಿಸಿಕೊಂಡಿರುವ ವಿಷಯ ಅನಿಮೇಷನ್, ಅಂದರೆ ಬರೆದ ಚಿತ್ರಗಳಿಗೆ ಚಲನೆ ಕೊಟ್ಟು ಮಾಡುವ ಸಿನಿಮಾ. ಅಂಥ ಸಿನಿಮಾದಲ್ಲಿ ಚಿತ್ರದ ಸೊಗಸು ಮುಖ್ಯವೋ, ಕಥೆ ಹೇಳುವ ರೀತಿ ಮುಖ್ಯವೋ ಎಂಬುದು ನಮ್ಮ ಮುಂದಿರುವ ಪ್ರಶ್ನೆ. ಈ ಪ್ರಶ್ನೆಯನ್ನು ನಾನು ಯಾವುದೇ ಪುಸ್ತಕದಿಂದ ತಂದಿಲ್ಲ. ಅದು ನನ್ನ ಅಕ್ಕನ ಮನೆಯ ಪಡಸಾಲೆಯಲ್ಲಿ ಎದ್ದ ಜಗಳ.

2025ರ ದಸರೆಯ ರಜೆಯಲ್ಲಿ ಅಣ್ಣಿಗೇರಿಯ ಹತ್ತಿರದ ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ಪಿಯುಸಿ ಎರಡನೆಯ ವರ್ಷದಲ್ಲಿದ್ದ, ಮಗಳು ಎಂಟನೆಯ ತರಗತಿಯಲ್ಲಿದ್ದಳು. ಇಬ್ಬರೂ ಆ ವರ್ಷ ಹುಬ್ಬಳ್ಳಿಗೆ ಹೋಗಿ ಎರಡು ಅನಿಮೇಷನ್ ಚಿತ್ರ ನೋಡಿ ಬಂದಿದ್ದರು. ಶ್ರಾವಣದಲ್ಲಿ ಆಯಿಯ ಜೊತೆ ಕನ್ನಡದ 'ಮಹಾವತಾರ ನರಸಿಂಹ'. ಸೆಪ್ಟೆಂಬರಿನಲ್ಲಿ, ಹುಡುಗನ ಹಟಕ್ಕೆ, ಜಪಾನಿನ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್'. ನಾನು ಚಹದ ಬಟ್ಟಲು ಕೆಳಗಿಡುವ ಮೊದಲೇ ವ್ಯಾಜ್ಯ ನನ್ನ ಮುಂದೆ ಬಂತು.

"ಟಿವ್ಯಾಗ ಕೆಲಸ ಮಾಡಾಂವ ನೀನು, ನೀನಽ ಹೇಳು ಮಾಮಾ" ಎಂದ ಹುಡುಗ. "ನರಸಿಂಹನ ಸಿನಿಮಾದಾಗ ಮನಷ್ಯಾರ ಮುಖಾ ಮಣ್ಣಿನ ಗೊಂಬಿ ಇದ್ದಂಗ ಅದಾವು. ತುಟಿ ಒಂದ್ ಕಡೆ, ಮಾತು ಒಂದ್ ಕಡೆ. ಜಪಾನಿನವರದು ನೋಡು, ಕತ್ತಿ ಬೀಸಿದ್ರ ಗಾಳಿ ನಮ್ಮ ಮೈಗೆ ತಾಗತದ."

ಹುಡುಗಿ ಸುಮ್ಮನಿರಲಿಲ್ಲ. "ಗಾಳಿ ತಾಗಿದ್ರ ಏನಾತು? ಬರೇ ಬಡದಾಟ. ಬಡದಾಟದ ನಡುವ ನಿಂತು ಹಳೇ ಕಥಿ ಹೇಳತಾರ. ನನಗ ನಿದ್ದಿ ಬಂದಿತ್ತು."

ಮೂಲೆಯಲ್ಲಿ ಹತ್ತಿ ಬಿಡಿಸುತ್ತ ಕೂತಿದ್ದ ನನ್ನ ಅವ್ವ, ಅಂದರೆ ಅವರ ಆಯಿ, ತಲೆ ಎತ್ತದೆ ಹೇಳಿದಳು: "ಕಂಬ ಒಡದು ದೇವರು ಬಂದಾಗ ನಾ ಕೈ ಮುಗದೆ. ಅದು ಗೊಂಬಿ ಅನ್ನೂದು ನೆನಪಽ ಆಗಲಿಲ್ಲ."

ಮಿತ್ರರೇ, ಈ ಮೂವರ ಮಾತೂ ನಿಜ. ಮೂರೂ ಹೇಗೆ ಒಟ್ಟಿಗೆ ನಿಜವಾಗಬಲ್ಲವು ಎಂಬುದನ್ನು ಈಗ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಆ ಎರಡು ಚಿತ್ರಗಳ ಪರಿಚಯ. 'ಮಹಾವತಾರ ನರಸಿಂಹ' 2025ರ ಜುಲೈ 25ರಂದು, ಶ್ರಾವಣದ ಮೊದಲ ದಿನ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತೆರೆ ಕಂಡಿತು. ನಿರ್ದೇಶಕರು ಅಶ್ವಿನ್ ಕುಮಾರ್. ಕ್ಲೀಮ್ ಪ್ರೊಡಕ್ಷನ್ಸ್ ನಿರ್ಮಿಸಿದ ಈ ಚಿತ್ರವನ್ನು ಅರ್ಪಿಸಿದ್ದು ನಮ್ಮ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್. ವಿಶ್ವಾದ್ಯಂತ 300 ಕೋಟಿ ರೂಪಾಯಿಗೂ ಹೆಚ್ಚು ಗಳಿಸಿತೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ದಶಾವತಾರದ ಕಥೆಗಳನ್ನು ಒಂದರ ಹಿಂದೆ ಒಂದರಂತೆ 2037ರವರೆಗೆ ಏಳು ಚಿತ್ರಗಳಾಗಿ ತರುವ ಯೋಜನೆಯಲ್ಲಿ ಇದು ಮೊದಲನೆಯದು. ಹೀಗೆ ಒಂದೇ ಹೆಸರಿನ ನೆರಳಿನಲ್ಲಿ ಸಾಲಾಗಿ ಬರುವ ಚಿತ್ರಗಳನ್ನು ಸಿನಿಮಾ ವ್ಯಾಪಾರದಲ್ಲಿ 'ಫ್ರಾಂಚೈಸ್' ಎನ್ನುತ್ತಾರೆ. ನಾವು ಸರಳವಾಗಿ 'ಸರಣಿ ಚಿತ್ರ' ಎನ್ನೋಣ.

'ಇನ್ಫಿನಿಟಿ ಕ್ಯಾಸಲ್' ಕೂಡ ಸರಣಿ ಚಿತ್ರವೇ. ಜಪಾನಿನ ಅನಿಮೇಷನ್ ಕೃತಿಗಳಿಗೆ 'ಅನಿಮೆ' ಎಂದೂ, ಅಲ್ಲಿನ ಚಿತ್ರಕಥಾ ಪುಸ್ತಕಗಳಿಗೆ 'ಮಾಂಗಾ' ಎಂದೂ ಹೆಸರು. ಕೊಯೊಹರು ಗೊತೊಗೆ 2016ರಿಂದ 2020ರವರೆಗೆ ಬರೆದ ಮಾಂಗಾ ಮೊದಲು ಟಿವಿ ಧಾರಾವಾಹಿಯಾಯಿತು, ಆಮೇಲೆ ಸಿನಿಮಾ ಆಯಿತು. ಯೂಫೋಟೇಬಲ್ ಎಂಬ ಸ್ಟುಡಿಯೋ ತಯಾರಿಸಿದ, ಹರುವೊ ಸೊತೊಜಾಕಿ ನಿರ್ದೇಶಿಸಿದ ಈ ಚಿತ್ರ ಜಪಾನಿನಲ್ಲಿ 2025ರ ಜುಲೈ 18ರಂದು, ಭಾರತದಲ್ಲಿ ಸೆಪ್ಟೆಂಬರ್ 12ರಂದು ಬಿಡುಗಡೆಯಾಯಿತು. ಮೂರು ಭಾಗಗಳ ಕಥೆಯ ಮೊದಲ ಭಾಗವಿದು. ಅವಧಿ 155 ನಿಮಿಷ.

ಇನ್ನು ಸ್ವಲ್ಪ ವಿಜ್ಞಾನ. ನಾನು ಬಿ.ಎಸ್ಸಿ. ಓದಿದವನು, ಲೆಕ್ಕವಿಲ್ಲದೆ ನನಗೆ ಸಮಾಧಾನವಾಗುವುದಿಲ್ಲ. ಸಿನಿಮಾ ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಸ್ಥಿರ ಚಿತ್ರಗಳು, ಅಂದರೆ 24 ಫ್ರೇಮ್‌ಗಳು ಬಂದು ಹೋಗುತ್ತವೆ. 155 ನಿಮಿಷಕ್ಕೆ 9,300 ಸೆಕೆಂಡ್. ಅದನ್ನು 24ರಿಂದ ಗುಣಿಸಿದರೆ 2,23,200 ಫ್ರೇಮ್. ಇಷ್ಟೂ ಫ್ರೇಮ್ ಸ್ಥಿರವಾದವೇ. ಹಾಗಾದರೆ ಚಲನೆ ಎಲ್ಲಿದೆ? ನೋಡುವವನ ಮಿದುಳಿನಲ್ಲಿದೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವಿನ ಅಂತರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಮ್ಯಾಕ್ಸ್ ವರ್ದೈಮರ್ ಎಂಬ ಮನಶ್ಶಾಸ್ತ್ರಜ್ಞ 1912ರಲ್ಲಿ ಇದರ ಬಗ್ಗೆ ಪ್ರಸಿದ್ಧ ಪ್ರಬಂಧವೊಂದನ್ನು ಪ್ರಕಟಿಸಿದ. ಅಂದರೆ ಅನಿಮೇಷನ್ ಚಿತ್ರದಲ್ಲಿ ಅರ್ಧ ಕೆಲಸ ಮಾಡುವವನು ಕಲಾವಿದ, ಉಳಿದರ್ಧ ಮಾಡುವವನು ಪ್ರೇಕ್ಷಕ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಪ್ರೇಕ್ಷಕ ಅರ್ಧ ಕೆಲಸ ಮಾಡುತ್ತಾನೆ ಎಂದ ಮೇಲೆ 24 ಫ್ರೇಮ್‌ಗೂ ಬೇರೆ ಬೇರೆ ಚಿತ್ರ ಬರೆಯಲೇಬೇಕೆಂದಿಲ್ಲ. ಒಂದೇ ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ ಸಾಕು. ಮೂರು ಫ್ರೇಮ್ ನಿಲ್ಲಿಸಿದರೆ 8 ಸಾಕು. ಜಪಾನಿನ ಒಸಾಮು ತೆಜುಕಾ ಈ ಮಿತವ್ಯಯವನ್ನೇ ಒಂದು ಪದ್ಧತಿಯನ್ನಾಗಿ ಮಾಡಿದರು. ಅವರ 'ಟೆಟ್ಸುವಾನ್ ಆಟಮ್', ಹೊರದೇಶಗಳಲ್ಲಿ 'ಆಸ್ಟ್ರೋ ಬಾಯ್' ಎಂದು ಹೆಸರಾದ ಧಾರಾವಾಹಿ, 1963ರ ಜನವರಿ 1ರಂದು ಅಲ್ಲಿನ ಟಿವಿಯಲ್ಲಿ ಆರಂಭವಾಯಿತು. ಪ್ರತಿ ವಾರ ಅರ್ಧ ಗಂಟೆಯ ಕಾರ್ಯಕ್ರಮ. ಹಣವೂ ಕಡಿಮೆ, ಸಮಯವೂ ಕಡಿಮೆ. ಆದ್ದರಿಂದ ಮಾತನಾಡುವಾಗ ಮುಖ ಸ್ಥಿರ, ಬಾಯಿ ಮಾತ್ರ ಚಲಿಸುತ್ತಿತ್ತು. ಒಮ್ಮೆ ಬರೆದ ಓಟವನ್ನು, ಹಾರಾಟವನ್ನು ಎತ್ತಿಟ್ಟುಕೊಂಡು ಬೇರೆ ಕಂತುಗಳಲ್ಲಿ ಮತ್ತೆ ಬಳಸುತ್ತಿದ್ದರು. ಮಕ್ಕಳಿಗೆ ಇದೊಂದು ಕೊರತೆ ಎನಿಸಲಿಲ್ಲ. ಧಾರಾವಾಹಿ ಬಹಳ ಜನಪ್ರಿಯವಾಯಿತು. ಮುಂದಿನ ವಾರ ಏನಾಗುವುದೋ ಎಂಬ ಕುತೂಹಲ ಉಳಿದುದೆಲ್ಲವನ್ನೂ ತುಂಬಿಕೊಟ್ಟಿತು.

ಇದಕ್ಕೆ ನಾನೂ ಸಾಕ್ಷಿ. ನವಲಗುಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ 1993ರಲ್ಲಿ ಟಿವಿ ಇದ್ದದ್ದು ಬೆರಳೆಣಿಕೆಯ ಮನೆಗಳಲ್ಲಿ. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಹಿಂದಿಯ 'ಜಂಗಲ್ ಬುಕ್' ಬರುತ್ತಿತ್ತು. ಮೋಗ್ಲಿ ಎಂಬ ಹುಡುಗ, ಅವನನ್ನು ಸಾಕಿದ ತೋಳಗಳು. ಕಪ್ಪು ಬಿಳುಪಿನ ಪೆಟ್ಟಿಗೆಯ ಮುಂದೆ ಹದಿನೈದಿಪ್ಪತ್ತು ಹುಡುಗರು ನೆಲದ ಮೇಲೆ ಕೂರುತ್ತಿದ್ದೆವು. ಹಿಂದಿ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಅದು ಜಪಾನಿನ ಸ್ಟುಡಿಯೋವೊಂದು 1989ರಲ್ಲಿ ತಯಾರಿಸಿದ 52 ಕಂತುಗಳ ಅನಿಮೆ ಎಂಬುದು ನಮಗೆ ಗೊತ್ತೇ ಇರಲಿಲ್ಲ. ದೊಡ್ಡವನಾದ ಮೇಲೆ ಮತ್ತೆ ನೋಡಿದೆ. ಮಾತಿನ ಹೊತ್ತಿಗೆ ತೋಳಗಳ ಬಾಯಿ ಮಾತ್ರ ಅಲುಗುತ್ತದೆ, ಮೈ ಕಲ್ಲಿನಂತೆ ನಿಂತಿರುತ್ತದೆ. ಆಗ ಕೂತ ನಮ್ಮಲ್ಲಿ ಒಬ್ಬನೂ ಇದನ್ನು ಗಮನಿಸಿರಲಿಲ್ಲ. ಶೇರ್ ಖಾನ್ ಬಂದನೆಂದರೆ ನಾವು ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತಿದ್ದೆವು.

ಕಡಿಮೆಯಲ್ಲಿ ಹೆಚ್ಚು ತೋರಿಸುವ ಈ ವಿದ್ಯೆ ನಮ್ಮ ಭಾಗಕ್ಕೆ ಹೊಸದಲ್ಲ. ನವಲಗುಂದದ ಜಮಖಾನೆಯನ್ನು ನೀವು ನೋಡಿರಬಹುದು. ಅಲ್ಲಿನ ಹೆಣ್ಣುಮಕ್ಕಳು ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ನೇಯುವ ಜಮಖಾನೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಅಂಥ ನೇಯ್ಗೆಯಲ್ಲಿ ಬಾಗಿದ ಗೆರೆ ಸುಲಭವಾಗಿ ಬರುವುದಿಲ್ಲ. ನೂಲು ಅಡ್ಡ ಹೋಗುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆದರೂ ಆ ಮೆಟ್ಟಿಲುಗಳಿಂದಲೇ ನವಿಲು ಮೂಡುತ್ತದೆ. ಕೊರಳು ಎಲ್ಲಿ ತಿರುಗಬೇಕು, ಗರಿ ಎಲ್ಲಿ ಬಿಚ್ಚಬೇಕು ಎಂಬುದು ನೇಯುವಾಕೆಗೆ ಗೊತ್ತು. ಆ ಎರಡು ಜಾಗ ಸರಿಯಾದರೆ ಉಳಿದ ನವಿಲನ್ನು ನಮ್ಮ ಕಣ್ಣೇ ಪೂರ್ತಿ ಮಾಡಿಕೊಳ್ಳುತ್ತದೆ.

ಹಾಗಾದರೆ ಚಿತ್ರ ಹೇಗಿದ್ದರೂ ನಡೆಯುತ್ತದೆಯೇ? ಇಲ್ಲ. ಇಲ್ಲಿ ನಮ್ಮ ಹುಡುಗನ ದೂರನ್ನು ಗಂಭೀರವಾಗಿ ಕೇಳಬೇಕು.

'ಮಹಾವತಾರ ನರಸಿಂಹ'ದ ಮನುಷ್ಯ ಪಾತ್ರಗಳ ಮುಖ ಬಿಗಿಯಾಗಿವೆ ಎಂದು ಅವನೊಬ್ಬನೇ ಹೇಳಿದ್ದಲ್ಲ. ಚಿತ್ರವನ್ನು ಮೆಚ್ಚಿದ ವಿಮರ್ಶಕರಲ್ಲಿಯೂ ಕೆಲವರು ಹೇಳಿದ್ದಾರೆ. ಇದಕ್ಕೆ ಕಾರಣವಿದೆ. ಮನುಷ್ಯರ ಮುಖ ಓದುವುದರಲ್ಲಿ ನಾವೆಲ್ಲ ಹುಟ್ಟಿದಂದಿನಿಂದ ಪಳಗಿದವರು. ಕಣ್ಣಿನ ರೆಪ್ಪೆ ಒಂದು ಕ್ಷಣ ತಡವಾಗಿ ಬಿದ್ದರೂ ಏನೋ ತಪ್ಪಿದೆ ಎಂದು ಮನಸ್ಸು ಎಚ್ಚರಿಸುತ್ತದೆ. ಮಸಾಹಿರೊ ಮೊರಿ ಎಂಬ ಜಪಾನಿನ ರೋಬೋಟ್ ವಿಜ್ಞಾನಿ 1970ರಲ್ಲಿಯೇ ಇದನ್ನು ಬರೆದರು. ಗೊಂಬೆ ಮನುಷ್ಯನನ್ನು ಹೋಲುತ್ತ ಹೋದಂತೆ ನಮಗೆ ಹೆಚ್ಚು ಇಷ್ಟವಾಗುತ್ತದೆ, ಆದರೆ ತೀರ ಹತ್ತಿರ ಬಂದು ಸ್ವಲ್ಪವೇ ತಪ್ಪಿದಾಗ ಇಷ್ಟ ಹೋಗಿ ಮುಜುಗರ ಬರುತ್ತದೆ ಎಂದು. ಕಂಪ್ಯೂಟರಿನಲ್ಲಿ ಮೂರು ಆಯಾಮದಲ್ಲಿ ಕಟ್ಟಿದ, ನಿಜದ ಚರ್ಮ, ನಿಜದ ಕೂದಲು ತೋರುವ ಮುಖ ನಮಗೆ ಒಂದು ಮಾತು ಕೊಟ್ಟಂತೆ: 'ನಾನು ನಿಜದ ಹಾಗೆ ನಡೆದುಕೊಳ್ಳುತ್ತೇನೆ' ಎಂದು. ತುಟಿ ತಪ್ಪಿದಾಗ ಆ ಮಾತು ತಪ್ಪುತ್ತದೆ.

ನಮ್ಮ ಹಳ್ಳಿಗಳ ದೊಡ್ಡಾಟದಲ್ಲಿ ಈ ತೊಂದರೆ ಇಲ್ಲ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ರಂಗಕ್ಕೆ ಹಾರಿ ಬರುವ ಪಾತ್ರಧಾರಿ ನಿಜವಾದ ರಾಜನ ಹಾಗೆ ಕಾಣುತ್ತೇನೆಂದು ಯಾರಿಗೂ ಮಾತು ಕೊಟ್ಟಿಲ್ಲ. ಸಾರಥಿ ಬಂದು 'ತಾವು ಯಾರು' ಎಂದು ಕೇಳುತ್ತಾನೆ, ಅವನು ಹೇಳುತ್ತಾನೆ, ನಾವು ನಂಬುತ್ತೇವೆ. ಒಪ್ಪಂದ ಮೊದಲೇ ಆಗಿಬಿಟ್ಟಿದೆ. ಬೆಳಗಿನ ತನಕ ಅದು ಮುರಿಯುವುದಿಲ್ಲ.

ನರಸಿಂಹನ ಚಿತ್ರದಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಿ. ಮನುಷ್ಯರ ಮುಖ ಬಿಗಿಯಾಗಿ ಕಂಡರೂ ಕಡೆಯಲ್ಲಿ ಬರುವ ಸಿಂಹದ ಮುಖ ಹಾಗೆ ಕಾಣುವುದಿಲ್ಲ. ಸಿಂಹದ ಮುಖವನ್ನು ನಾವು ದಿನವೂ ಓದಿದವರಲ್ಲ ಎಂಬುದು ಒಂದು ಕಾರಣ. ತಯಾರಕರು ತಮ್ಮ ಶಕ್ತಿಯನ್ನು ಕಡೆಯ ಆ ಭಾಗಕ್ಕಾಗಿ ಕೂಡಿಟ್ಟುಕೊಂಡಿದ್ದಾರೆ ಎಂಬುದು ಇನ್ನೊಂದು ಎಂದು ನನಗೆ ಅನಿಸುತ್ತದೆ. ಈ ಚಿತ್ರದಲ್ಲಿ ಮೊದಲು ಹಿರಣ್ಯಾಕ್ಷನ ಕಥೆ, ವರಾಹಾವತಾರ. ಆಮೇಲೆ ಹಿರಣ್ಯಕಶಿಪುವಿನ ವರ. ಆಮೇಲೆ ಒಂದು ಎಳೆಯ ಮಗುವಿಗೆ ತಂದೆಯೇ ಕೊಡುವ ಶಿಕ್ಷೆಗಳು, ಒಂದರ ಮೇಲೊಂದು. ಕಂಬ ಒಡೆಯುವ ಹೊತ್ತಿಗೆ ಪ್ರೇಕ್ಷಕರು ಕಾದು ಕಾದು ಬಿಗಿದುಕೊಂಡಿರುತ್ತಾರೆ. ಕಥೆಯ ಭಾರವೆಲ್ಲ ಬಂದು ನಿಲ್ಲುವ ಜಾಗದಲ್ಲಿಯೇ ಚಿತ್ರದ ಸೊಗಸನ್ನು ಖರ್ಚು ಮಾಡಿದ್ದಾರೆ. ನನ್ನ ಅವ್ವ ಕೈ ಮುಗಿದದ್ದು ಅಲ್ಲಿ.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಅವ್ವ ಕೈ ಮುಗಿದದ್ದು ಆ ಚಿತ್ರಕ್ಕೆ ಮಾತ್ರವೇ? ಆಕೆ ಪ್ರಹ್ಲಾದನ ಕಥೆಯನ್ನು ಬಾಲ್ಯದಿಂದ ಕೇಳಿದವಳು. 1983ರಲ್ಲಿ ಬಂದ, ಡಾ. ರಾಜ್‌ಕುಮಾರ್ ಹಿರಣ್ಯಕಶಿಪುವಾಗಿದ್ದ 'ಭಕ್ತ ಪ್ರಹ್ಲಾದ'ವನ್ನು ನೋಡಿದವಳು. ಪ್ರೇಕ್ಷಕ ಅರ್ಧ ಕೆಲಸ ಮಾಡುತ್ತಾನೆ ಎಂದೆನಲ್ಲ, ಇಲ್ಲಿ ಆಕೆ ಮುಕ್ಕಾಲು ಪಾಲು ಕೆಲಸವನ್ನು ಮನೆಯಲ್ಲಿಯೇ ಮುಗಿಸಿ ಚಿತ್ರಮಂದಿರಕ್ಕೆ ಹೋಗಿದ್ದಳು. ಚಿತ್ರ ತನ್ನ ಕೊರತೆಯನ್ನು ತುಂಬಲು ಪುರಾಣದಿಂದ ಕಡ ತಂದಿತು. ಕಡ ತರುವುದು ತಪ್ಪಲ್ಲ, ಪುರಾಣ ನಮ್ಮೆಲ್ಲರದು. ಆದರೆ ಭಕ್ತಿಯಿಂದ ನೋಡಿದ ಜನ ಬಿಗಿಯಾದ ಮುಖವನ್ನು ಕ್ಷಮಿಸಿದರು ಎಂದ ಮಾತ್ರಕ್ಕೆ ಬಿಗಿಯಾದ ಮುಖವೇ ಸಾಕು ಎಂದು ಮುಂದಿನ ಚಿತ್ರ ಮಾಡುವವರು ತಿಳಿಯಬಾರದು.

ಇನ್ನು ಜಪಾನಿನ ಚಿತ್ರ. ಚಿತ್ರಕಲೆಯ ದೃಷ್ಟಿಯಿಂದ ಹುಡುಗ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇಲ್ಲ. ಮೇಲೆ ಕೆಳಗೆ ತಲೆಕೆಳಗಾಗುವ, ಕೋಣೆಯಿಂದ ಕೋಣೆ ಹುಟ್ಟುವ ಒಂದು ಕೋಟೆ. ಅದನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಕೈಯಿಂದ ಬರೆದ ಪಾತ್ರಗಳನ್ನು ಅದರೊಳಗೆ ಬೀಳಿಸಿದ್ದಾರೆ. ಎರಡೂ ಬೇರೆ ಬೇರೆ ಎಂದು ಕಣ್ಣಿಗೆ ತಿಳಿಯದಷ್ಟು ಚೆನ್ನಾಗಿ ಬೆಸೆದಿದ್ದಾರೆ.

ಆದರೂ ಹುಡುಗಿಗೆ ನಿದ್ದೆ ಬಂತು. ಯಾಕೆ? ಒಂದು ಕಾರಣ ಆಕೆ ಹಿಂದಿನ ಟಿವಿ ಕಂತುಗಳನ್ನು ನೋಡಿರಲಿಲ್ಲ. ಯಾರು ಯಾರ ಮೇಲೆ ಯಾಕೆ ಸೇಡು ತೀರಿಸಿಕೊಳ್ಳುತ್ತಿದ್ದಾರೆ ಎಂಬುದನ್ನು ಚಿತ್ರ ಮೊದಲಿನಿಂದ ಹೇಳುವುದಿಲ್ಲ. ಇದೂ ಕಡವೇ; ಪುರಾಣದ ಬದಲು ತನ್ನದೇ ಹಳೆಯ ಕಂತುಗಳಿಂದ ತಂದ ಕಡ. ಆ ಖಾತೆ ಇಲ್ಲದವರು ಹೊರಗೇ ಉಳಿಯುತ್ತಾರೆ.

ಎರಡನೆಯ ಕಾರಣ ಕಾಲದ್ದು. ಮೂಲ ಮಾಂಗಾದಲ್ಲಿಯೂ ಕಾಳಗದ ನಡುವೆ ಪಾತ್ರಗಳ ಹಿಂದಿನ ಜೀವನ ಬರುತ್ತದೆ. ಆದರೆ ಪುಸ್ತಕದ ಪುಟ ತಿರುವುವ ಬೆರಳು ಓದುಗನದು. ಬೇಕಾದಲ್ಲಿ ನಿಲ್ಲುತ್ತಾನೆ, ಬೇಡವಾದಲ್ಲಿ ಬೇಗ ಸಾಗುತ್ತಾನೆ. ಚಿತ್ರಮಂದಿರದಲ್ಲಿ ಆ ಬೆರಳು ಅವನ ಬಳಿ ಇಲ್ಲ. ಎತ್ತಿದ ಕತ್ತಿ ಬೀಳುವ ಮೊದಲೇ ಕಥೆ ಹಿಂದೆ ಹೋಯಿತೆಂದರೆ ಪ್ರೇಕ್ಷಕ ಕಾಯಲೇಬೇಕು. ಒಂದು ಸಲ ಕಾದರೆ ಕುತೂಹಲ, ಮತ್ತೆ ಮತ್ತೆ ಕಾದರೆ ಆಕಳಿಕೆ. ಪುಸ್ತಕದ ಪುಟವನ್ನು ಇದ್ದಂತೆಯೇ ತೆರೆಗೆ ತಂದರೆ ನಿಷ್ಠೆಯಾಯಿತೇ ಹೊರತು ಸಿನಿಮಾ ಆಗಲಿಲ್ಲ.

ಆದರೆ ಇಲ್ಲಿಯೇ ಒಂದು ಸ್ವಾರಸ್ಯವಿದೆ. ನಾನು ಹುಡುಗಿಯನ್ನು ಕೇಳಿದೆ, "ಇಡೀ ಸಿನಿಮಾದಾಗ ಏನೂ ನೆನಪಿಲ್ಲೇನವ್ವಾ?" ಸ್ವಲ್ಪ ಯೋಚಿಸಿ ಹೇಳಿದಳು: "ಆ ಕಡೇ ರಾಕ್ಷಸ ನೆನಪದಾನ. ಅವಂದು ಕೇಳಿ ಅಳು ಬಂತು."

ಆಕೆ ಹೇಳಿದ್ದು ಅಕಾಜ ಎಂಬ ರಾಕ್ಷಸನ ಬಗ್ಗೆ. ಚಿತ್ರದ ನಾಯಕ ತಂಜಿರೊ, ಎದುರಾಳಿ ಈ ಅಕಾಜ. ಕೊನೆಗೆ ಅವನ ಮನುಷ್ಯ ಜನ್ಮದ ಕಥೆ ತೆರೆದುಕೊಳ್ಳುತ್ತದೆ. ಕಾಯಿಲೆಯ ತಂದೆಗೆ ಔಷಧ ತರಲು ಕಳ್ಳತನಕ್ಕೆ ಇಳಿದ ಹುಡುಗ ಅವನು. ತಂದೆಯನ್ನು ಕಳೆದುಕೊಂಡ ಮೇಲೆ ಒಬ್ಬ ಗುರು ಆಶ್ರಯ ಕೊಡುತ್ತಾನೆ. ಗುರುವಿನ ರೋಗಿ ಮಗಳನ್ನು ಅವನು ಉಪಚರಿಸುತ್ತಾನೆ, ಆಕೆ ಚೇತರಿಸಿಕೊಳ್ಳುತ್ತಾಳೆ, ಮದುವೆಯ ಮಾತೂ ಆಗುತ್ತದೆ. ಅಷ್ಟರಲ್ಲಿ ಹೊಟ್ಟೆಕಿಚ್ಚಿನವರು ಬಾವಿಗೆ ವಿಷ ಹಾಕುತ್ತಾರೆ. ಗುರುವೂ ಮಗಳೂ ಸಾಯುತ್ತಾರೆ. ರಾಕ್ಷಸ ಹುಟ್ಟಿದ್ದು ಆ ಮೇಲೆ. ಈ ಭಾಗದಲ್ಲಿ ಗಾಳಿ ಸೀಳುವ ಕತ್ತಿಗಳಿಲ್ಲ. ಒಂದು ಮನೆ, ಒಂದು ಹಾಸಿಗೆ, ಇಬ್ಬರ ಮಾತು. ಚಿತ್ರ ಬರೆಯುವವರಿಗೆ ಕಡಿಮೆ ಆರ್ಭಟದ ಜಾಗ, ನೋಡುವವರಿಗೆ ಮನಸ್ಸು ತಟ್ಟಿದ ಜಾಗ.

ಇದನ್ನು ಕೇಳುತ್ತ ನನಗೆ ಪಂಪ ನೆನಪಾದ. ಪಂಪನ ತಾಯಿಯ ಕಡೆಯ ಊರು ಇದೇ ಅಣ್ಣಿಗೇರಿ. ಹತ್ತನೆಯ ಶತಮಾನದಲ್ಲಿ ಅವನು ಬರೆದ 'ವಿಕ್ರಮಾರ್ಜುನ ವಿಜಯ'ಕ್ಕೆ ನಾಯಕ ಅರ್ಜುನ. ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನ ಜೊತೆ ಸಮೀಕರಿಸಿ ಬರೆದ. ಆದರೂ ಆ ಕಾವ್ಯ ಓದಿದವರ ಮನಸ್ಸಿನಲ್ಲಿ ದೊಡ್ಡದಾಗಿ ನಿಲ್ಲುವವನು ಎದುರು ಪಕ್ಷದ ಕರ್ಣ. ಮಹಾಭಾರತದ ಕಥೆ ಅವನ ಕೇಳುಗರಿಗೆ ಗೊತ್ತೇ ಇತ್ತು. ಗೊತ್ತಿದ್ದ ಕಥೆಯನ್ನು ಎಲ್ಲಿ ನಿಲ್ಲಿಸಬೇಕು, ಯಾರ ಮುಖದ ಮೇಲೆ ಬೆಳಕು ಬೀಳಬೇಕು ಎಂದು ಅವನು ಹೊಸದಾಗಿ ಯೋಚಿಸಿದ. ಕಥೆ ಹೇಳುವುದು ಅಂದರೆ ಇದೇ. ಹೊಸ ಘಟನೆಗಳನ್ನು ಹುಟ್ಟಿಸುವುದೊಂದೇ ಅಲ್ಲ, ಇದ್ದ ಘಟನೆಗಳಲ್ಲಿ ತೂಕ ಎಲ್ಲಿದೆ ಎಂದು ಕಂಡುಕೊಳ್ಳುವುದು.

ಚಿತ್ರದ ತಂತ್ರಕ್ಕೆ ವಯಸ್ಸಾಗುತ್ತದೆ ಎಂಬುದನ್ನೂ ಮರೆಯಬಾರದು. ಜಪಾನಿನ ಯುಗೊ ಸಾಕೊ, ಕೊಯಿಚಿ ಸಸಾಕಿ ಹಾಗೂ ನಮ್ಮ ದೇಶದ ರಾಮ್ ಮೋಹನ್ ಸೇರಿ ಮಾಡಿದ ರಾಮಾಯಣದ ಅನಿಮೇಷನ್ ಚಿತ್ರ 1992ರದು. ಸುಮಾರು 450 ಕಲಾವಿದರು, ಸುಮಾರು ಒಂದು ಲಕ್ಷ ಕೈಬರಹದ ಚಿತ್ರಗಳು. 2025ರ ಜನವರಿಯಲ್ಲಿ ಅದು ಭಾರತದ ಚಿತ್ರಮಂದಿರಗಳಿಗೆ ಮತ್ತೆ ಬಂದಾಗ ಅದರ ತಂತ್ರ ಮೂವತ್ತು ವರ್ಷ ಹಳೆಯದಾಗಿತ್ತು. ಜನ ನೋಡಿದರು. ಇಂದಿನ ಬೆರಗು ಇನ್ನು ಹತ್ತು ವರ್ಷಕ್ಕೆ ಸಾಮಾನ್ಯವಾಗುತ್ತದೆ. ಆಗ ಉಳಿಯುವುದು ಕಥೆ, ಮತ್ತು ಕಥೆಗಾಗಿ ಪ್ರಾಮಾಣಿಕವಾಗಿ ಎಳೆದ ಗೆರೆ.

ಈಗ ನನ್ನ ಸ್ವಂತ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಕ್ಕಳಿಗಾಗಿ ನಾಲ್ಕು ನಿಮಿಷದ ಒಂದು ಅನಿಮೇಷನ್ ತುಣುಕು ಮಾಡಿದೆ. ವಿಷಯ ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಯಾಕೆ ಬಿರುಕು ಬಿಡುತ್ತದೆ ಎಂಬುದು. ಆ ಮಣ್ಣಿನಲ್ಲಿ ಪದರು ಪದರಾದ ಒಂದು ಬಗೆಯ ಜೇಡಿ ಇದೆ. ಪದರುಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ. ನೀರು ಆರಿದರೆ ಕುಗ್ಗಿ ಬಿರಿಯುತ್ತದೆ. ನಾನು ಆ ಪದರುಗಳನ್ನು ಕಂಪ್ಯೂಟರಿನಲ್ಲಿ ಹೊಳೆಯುವಂತೆ ಮಾಡಿಸಿದೆ. ನೀರಿನ ಹನಿ ಮುತ್ತಿನಂತೆ ಉರುಳುತ್ತಿತ್ತು. ಹಣದ ಬಹುಪಾಲು ಆ ಹೊಳಪಿಗೇ ಹೋಯಿತು. ಕುಂದಗೋಳ ತಾಲ್ಲೂಕಿನ ಒಂದು ಶಾಲೆಯಲ್ಲಿ ತೋರಿಸಿದೆ. ಮೊದಲ ಅರ್ಧ ನಿಮಿಷ ಮಕ್ಕಳು 'ಆಹಾ' ಎಂದರು. ಎರಡನೆಯ ನಿಮಿಷಕ್ಕೆ ಕಿಟಕಿಯ ಆಚೆ ನೋಡತೊಡಗಿದರು. ಮುಗಿದ ಮೇಲೆ ಮಣ್ಣು ಯಾಕೆ ಬಿರಿಯುತ್ತದೆ ಎಂದು ಕೇಳಿದೆ. "ಬಿಸಲಿಗ್ರಿ" ಎಂದರು. ಅದು ಅವರಿಗೆ ಮೊದಲೇ ಗೊತ್ತಿತ್ತು. ನನ್ನ ಹೊಳೆಯುವ ಪದರುಗಳು ಅವರಿಗೆ ಏನನ್ನೂ ಹೇಳಿರಲಿಲ್ಲ.

ಎರಡನೆಯ ಸಲ ಹಣವಿರಲಿಲ್ಲ. ಕಪ್ಪು ರಟ್ಟು, ಕೆಂಪು ಕಾಗದ, ಒಂದು ಕ್ಯಾಮೆರಾ. ಬಿರುಕಿನೊಳಗೆ ಮನೆ ಮಾಡಿದ ಒಂದು ಇರುವೆ. ಮೊದಲ ಮಳೆ ಬಿತ್ತು. ಒಂದೊಂದು ಹನಿಗೂ ಮಣ್ಣು ಉಬ್ಬುತ್ತ ಮನೆಯ ಬಾಗಿಲು ಕಿರಿದಾಗುತ್ತದೆ. ಇರುವೆ ಒಳಗೆ ಮೊಟ್ಟೆ ತರಲು ಹೋಗಿದೆ. ಚಲನೆ ಒರಟಾಗಿತ್ತು, ಇರುವೆಯ ಕಾಲು ಕುಂಟುತ್ತಿತ್ತು. ಆದರೆ ಬಾಗಿಲು ಮುಚ್ಚುತ್ತ ಬಂದಾಗ ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು ನಿಂತು, "ಸರ್, ಹೊರಗ ಬರತೈತ್ರಿ?" ಎಂದು ಕೇಳಿದ. ಮುಗಿದ ಮೇಲೆ ಮಣ್ಣು ಯಾಕೆ ಉಬ್ಬಿತು ಎಂದು ಅವನೇ ನನಗೆ ಹೇಳಿದ. ಅಂದು ನಾನು ಕಲಿತದ್ದನ್ನು ಯಾವ ತರಬೇತಿಯಲ್ಲಿಯೂ ಕಲಿತಿರಲಿಲ್ಲ.

ಆದರೆ ಆ ಇರುವೆಯ ಕುಂಟು ಕಾಲನ್ನು ನಾನು ಹಾಗೆಯೇ ಬಿಡಲಿಲ್ಲ. ಯಾಕೆಂದರೆ ಕೆಲವು ಮಕ್ಕಳು ಅದಕ್ಕೆ ಕಾಲು ಮುರಿದಿದೆ ಎಂದು ತಿಳಿದಿದ್ದರು. ಚಿತ್ರದ ತಪ್ಪು ಕಥೆಯನ್ನೇ ತಪ್ಪಾಗಿ ಹೇಳಿಸುತ್ತಿತ್ತು. ಕಾಲನ್ನು ತಿದ್ದಿದೆ, ರಟ್ಟಿನ ಒರಟು ಅಂಚನ್ನು ಹಾಗೆಯೇ ಉಳಿಸಿದೆ. ಯಾವ ಕೊರತೆ ಕಥೆಗೆ ಅಡ್ಡ ಬರುತ್ತದೋ ಅದನ್ನು ಸರಿಪಡಿಸಲೇಬೇಕು. ಯಾವುದು ಅಡ್ಡ ಬರುವುದಿಲ್ಲವೋ ಅದರ ಮೇಲೆ ಹಣ ಸುರಿಯಬೇಕಾಗಿಲ್ಲ. ಚಿತ್ರವೋ ಕಥೆಯೋ ಎಂಬ ಜಗಳಕ್ಕೆ ನನ್ನ ತೀರ್ಪು ಇಷ್ಟೇ.

ವಿದ್ಯಾರ್ಥಿ ಮಿತ್ರರೇ, ಮುಂದೆ ಯಾವುದೇ ಅನಿಮೇಷನ್ ಚಿತ್ರ ನೋಡಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು, ಈ ಚಿತ್ರ ತನ್ನ ಅತ್ಯುತ್ತಮ ಕೆಲಸವನ್ನು ಕಥೆಯ ಯಾವ ಜಾಗದಲ್ಲಿ ಖರ್ಚು ಮಾಡಿದೆ? ಎರಡು, ನನಗೆ ಮೊದಲೇ ಇದ್ದ ಪ್ರೀತಿಯಿಂದ ಇದು ಎಷ್ಟು ಕಡ ಪಡೆದಿದೆ? ಮೂರು, ಒಂದು ವಾರದ ಮೇಲೆ ನನಗೆ ಏನು ನೆನಪಿದೆ?

ಎರಡನೆಯ ಪ್ರಶ್ನೆ ನಿಮ್ಮಲ್ಲಿ ಚಿತ್ರ ಮಾಡಬೇಕೆನ್ನುವವರಿಗೆ ಬಹಳ ಮುಖ್ಯ. ಕಲಘಟಗಿಯ ಕಡೆಯ ಒಬ್ಬ ಹುಡುಗಿ ತನ್ನ ಊರಿನ ಹೊಸ ಕಥೆಯೊಂದನ್ನು ಹೇಳಹೊರಟರೆ ಆಕೆಗೆ ಪುರಾಣದ ಕಡವೂ ಸಿಗದು, ಹಳೆಯ ಕಂತುಗಳ ಕಡವೂ ಸಿಗದು. ನೋಡುವವರ ಪ್ರೀತಿಯನ್ನು ಮೊದಲ ನಿಮಿಷದಿಂದ ತಾನೇ ದುಡಿದುಕೊಳ್ಳಬೇಕು. ಅದಕ್ಕೆ ಕಥೆಯೇ ಬಂಡವಾಳ. ಈ ಹೊಸ ಕಥೆಗಳು ನಮಗೆ ಬೇಕೇ ಬೇಕು. 'ಇನ್ಫಿನಿಟಿ ಕ್ಯಾಸಲ್' ಭಾರತಕ್ಕೆ ಜಪಾನಿಯ ಜೊತೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ನಮ್ಮ ಹುಡುಗ ಅದನ್ನು ಹಿಂದಿಯಲ್ಲಿ ನೋಡಿದ, ನಾನು ಮೋಗ್ಲಿಯನ್ನು ನೋಡಿದ ಹಾಗೆಯೇ. ಅವನ ತಂಗಿಗೆ ನಿದ್ದೆ ಬಂದದ್ದಕ್ಕೆ ಭಾಷೆಯೂ ಒಂದು ಕಾರಣವಾಗಿರಬಹುದು.

ಆರಂಭಿಸುವುದು ಕಷ್ಟವಲ್ಲ. ಹಳೆಯ ನೋಟ್‌ಬುಕ್ಕಿನ ಮೂಲೆಯಲ್ಲಿ ಪುಟಕ್ಕೊಂದು ಚಿತ್ರ ಬರೆದು ಬೆರಳಿನಿಂದ ಸರಸರ ಬಿಡಿಸಿ ನೋಡಿ. ಮನೆಯಲ್ಲಿ ಮೊಬೈಲ್ ಇದ್ದರೆ ಪುಸ್ತಕಗಳ ಅಟ್ಟಿಯ ಮೇಲೆ ಅಲುಗದಂತೆ ಇಟ್ಟು, ಕಿಟಕಿಯ ಬೆಳಕಿನಲ್ಲಿ ಕಾಗದದ ಗೊಂಬೆಯನ್ನು ಸ್ವಲ್ಪ ಸ್ವಲ್ಪ ಸರಿಸುತ್ತ ಒಂದೊಂದೇ ಫೋಟೋ ತೆಗೆಯಿರಿ. ಸೆಕೆಂಡಿಗೆ 12 ಚಿತ್ರದಂತೆ 20 ಸೆಕೆಂಡಿಗೆ 240 ಚಿತ್ರ. ಗೊಂಬೆ ಸುಮ್ಮನೆ ನಿಂತು ಯೋಚಿಸುವ ಕಡೆ ಒಂದೇ ಚಿತ್ರವನ್ನು ನಿಲ್ಲಿಸಿದರೆ ಇನ್ನೂ ಕಡಿಮೆ. ಎರಡು ಮೂರು ರಜೆಯ ದಿನಗಳ ಕೆಲಸ. ತೆಗೆಯುವ ಮೊದಲು ಮಾತ್ರ ಕಥೆಯನ್ನು ಯಾರಿಗಾದರೂ ಬಾಯಿಮಾತಿನಲ್ಲಿ ಹೇಳಿ. ಅವರು 'ಮುಂದ ಏನಾತು?' ಎಂದು ಕೇಳಿದರೆ ಕ್ಯಾಮೆರಾ ತೆಗೆಯಿರಿ. ಕೇಳದಿದ್ದರೆ ಕಥೆಯನ್ನು ತಿದ್ದಿ.

ನಾನು ಅಕ್ಕನ ಮನೆಯಿಂದ ಹೊರಡುವ ದಿನ ಅಣ್ಣ ತಂಗಿ ಮತ್ತೆ ಜಗಳವಾಡುತ್ತಿದ್ದರು. ಈ ಸಲದ ಜಗಳ ಬೇರೆ. ಅವನು ಹಿತ್ತಲಿನ ಕೋಳಿಯನ್ನು ಹದಿನೆಂಟು ಪುಟದಲ್ಲಿ ಬಹಳ ಚೆನ್ನಾಗಿ ಓಡಿಸಿದ್ದ. ಅವಳು ಪುಸ್ತಕ ಕಿತ್ತುಕೊಂಡು ಕೇಳುತ್ತಿದ್ದಳು, "ಓಡೂದೇನೋ ಖರೆ ಅಣ್ಣಾ, ಯಾಕ ಓಡತದ ಅದು?" ಅವನ ಬಳಿ ಉತ್ತರವಿರಲಿಲ್ಲ, ಪೆನ್ಸಿಲ್ ಹಿಡಿದು ಯೋಚಿಸುತ್ತ ಕೂತ. ನಾನು ಸದ್ದಿಲ್ಲದೆ ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟೆ.